ಶಿರಸಿಯ ‘ರಾಶಿ’: ಊರ ಮಾತೋ, ಗುಂಪಿನ ಮಾತೋ?

‘ಊಟ ರಾಶಿ ಚೊಲೋ ಇದ್ದು’ ಅಂದಾಗ ‘ರಾಶಿ’ ಅಂದರೆ ಬಹಳ. ಶಿರಸಿ ಕಡೆ ಅಜ್ಜಿಯೂ ಮೊಮ್ಮಗನೂ ಹೀಗೇ ಹೇಳುತ್ತಾರೆ. ಅದು ಪ್ರಾದೇಶಿಕ ನುಡಿ. ಅಡಿಕೆ ವ್ಯಾಪಾರಿ ‘ರಾಶಿ ಎಷ್ಟು, ಚಾಲಿ ಎಷ್ಟು’ ಎಂದು ಕೇಳಿದರೆ ಅಡಿಕೆಯ ಬಗೆಗಳ ಮಾತು: ‘ರಾಶಿ’ ಬೇಯಿಸಿ ಒಣಗಿಸಿದ್ದು, ‘ಚಾಲಿ’ ಬೇಯಿಸದೆ ಒಣಗಿಸಿದ್ದು. ಅದು ಕಸುಬಿನ ಪದ. ಕಾಲೇಜು ಹುಡುಗರು ಗೆಳೆಯನನ್ನು ಕರೆಯುವ ‘ಮಗಾ’, ಜಂಬಕ್ಕೆ ಹೇಳುವ ‘ಬಿಲ್ಡಪ್’ ಗುಂಪಿನ ಆಡುಮಾತು. ಬೆಂಗಳೂರಲ್ಲೂ ಅದೇ, ಕಾರವಾರದಲ್ಲೂ ಅದೇ. ಆದರೆ ಮನೆಯ ಹಿರಿಯರ ಬಾಯಲ್ಲಿ ಈ ಅರ್ಥದಲ್ಲಿ ಸಾಮಾನ್ಯವಾಗಿ ಇಲ್ಲ.

ಪರೀಕ್ಷಿಸಲು ಇಪ್ಪತ್ತು ಪದ ಬರೆದುಕೊಳ್ಳಿ. ಒಂದೇ ಊರಿನ ಮೂರು ತಲೆಮಾರಿನವರನ್ನು, ಬೇರೆ ಬೇರೆ ಕಸುಬಿನವರನ್ನು ಕೇಳಿ. ‘ಈ ಪದ ಗೊತ್ತಾ?’ ಎನ್ನಬೇಡಿ, ಎಲ್ಲರೂ ಹೌದು ಅಂದುಬಿಡುತ್ತಾರೆ. ವಸ್ತು ತೋರಿಸಿ ‘ಇದಕ್ಕೆ ಎಂತ ಹೇಳ್ತ್ರಿ?’ ಎನ್ನಿ.

ಆಮೇಲೆ ಕ್ರಿಯಾಪದದ ಕೊನೆ ನೋಡಿ. ನಮ್ಮ ಮಟ್ಟಿಗೆ ಇದೇ ಗಟ್ಟಿ ಗುರುತು. ಗುಂಪಿನ ಮಾತು ಪದ ಬದಲಿಸುತ್ತದೆ, ಸಾಮಾನ್ಯವಾಗಿ ವ್ಯಾಕರಣ ಮುಟ್ಟುವುದಿಲ್ಲ. ಹವ್ಯಕ ಬ್ರಾಹ್ಮಣರ ಮನೆಮಾತಾದ ಹವ್ಯಕ ಕನ್ನಡದಲ್ಲಿ ‘ಇದೆ’ ಎಂಬುದು ‘ಇದ್ದು’ ಆಗುತ್ತದೆ, ‘ಆಯಿ (ತಾಯಿ) ಬಂತು’ ಎಂದು ಹೆಂಗಸರಿಗೂ ನಪುಂಸಕ ರೂಪ ಬರುತ್ತದೆ. ಒಂದು ಸಮುದಾಯದ್ದು ಎಂಬ ಕಾರಣಕ್ಕೆ ಅದನ್ನು ಗುಂಪಿನ ಆಡುಮಾತಿಗೆ ಸೇರಿಸುವುದು ದೊಡ್ಡ ತಪ್ಪು. ಅದು ಪೂರ್ಣ ಉಪಭಾಷೆ.

ಕಾರವಾರದಲ್ಲಿ ಇನ್ನೊಂದು ಎಚ್ಚರ: ಕಿವಿಗೆ ಬಿದ್ದದ್ದು ಕೊಂಕಣಿ ಆಗಿದ್ದರೆ ಪಟ್ಟಿಯಿಂದ ತೆಗೆಯಿರಿ. ಅದು ಕನ್ನಡದ ಉಪಭಾಷೆಯಲ್ಲ, ಬೇರೆಯೇ ಭಾಷೆ.