ಚೊಂಬು ಅಜ್ಜಿಯ ಕೈಗೇ ಕೊಟ್ಟೆವು

ನಾನು ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಸ್ನಾನ, ಊಟದಂಥ ದಿನದ ಕೆಲಸಗಳನ್ನು ಕಾಯಿಲೆಯವರು ಆದಷ್ಟೂ ತಾವೇ ಮಾಡಿಕೊಳ್ಳುವಂತೆ ನೆರವಾಗುವವಳು. ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರನ್ನು ಅವರ ಮನೆಯಲ್ಲೇ ನೋಡುತ್ತೇನೆ. ಅವರು ದಿನಾ ಎಡವುವುದು ಬಚ್ಚಲಲ್ಲಿ, ಅಡುಗೆಮನೆಯಲ್ಲಿ ಅಲ್ವಾ?

ಕಳೆದ ವರ್ಷ ಒಂದು ಮನೆಗೆ ಹೋದಾಗ ಸೊಸೆ ಬಾಗಿಲಲ್ಲೇ ಹೇಳಿದರು: "ಮೇಡಂ, ಸ್ನಾನ ಅಂದ್ರೆ ಸಾಕು, ಅತ್ತೆ ಹೊಡೆಯೋಕೆ ಬರ್ತಾರೆ. ನಂಗೆ ಸಾಕಾಗಿದೆ." ಅಜ್ಜಿಗೆ 78 ವರ್ಷ, ಆಲ್ಝೈಮರ್ಸ್, ಅದೂ ಡಿಮೆನ್ಷಿಯಾದ ಒಂದು ಬಗೆ.

ಮೊದಲ ದಿನ ಸುಮ್ನೆ ನೋಡಿದೆ. ಬಿಳಿ ಗೋಡೆ, ಬಿಳಿ ನೆಲ, ಬಿಳಿ ಕಮೋಡ್, ಮೇಲೆ ಶವರ್. ಬೆಳಿಗ್ಗೆ 7 ಗಂಟೆ, ಮೊಮ್ಮಗನ ಸ್ಕೂಲ್ ಬಸ್ಸಿನ ಗಡಿಬಿಡಿ ಬೇರೆ. ಅಜ್ಜಿ ಹೊಸ್ತಿಲಲ್ಲೇ ನಿಂತುಬಿಟ್ಟರು. ಈ ಕಾಯಿಲೆಯಲ್ಲಿ ಆಳ ಗೊತ್ತಾಗುವುದು ಕಡಿಮೆಯಾಗುತ್ತದೆ, ಎಲ್ಲವೂ ಒಂದೇ ಬಣ್ಣವಿದ್ದರೆ ನೆಲ ಎಲ್ಲಿ, ಗೋಡೆ ಎಲ್ಲಿ ಅಂತ ತಿಳಿಯುವುದಿಲ್ಲ, ಅದರ ಮೇಲೆ ತಲೆಗೆ ದಿಢೀರನೆ ನೀರು ಬಿದ್ದರೆ ಯಾರಿಗಾದರೂ ಗಾಬರಿಯಾಗುತ್ತದೆ. ಅದನ್ನು ಹಠ ಅನ್ನಬೇಡಿ. ಅದು ಭಯ.

ಶವರ್ ಬಿಟ್ಟೆವು. ಕೆಂಪು ಸ್ಟೂಲು, ಹಿಡಿದುಕೊಳ್ಳಲು ಗೋಡೆಗೊಂದು ಸ್ಟೀಲ್ ಕಂಬಿ, ಬಕೆಟ್ಟು, ಚೊಂಬು. ಸ್ನಾನ 11 ಗಂಟೆಗೆ. "ಸ್ನಾನ ಮಾಡಿ" ಅನ್ನುವ ಬದಲು ಸೊಸೆ "ಅತ್ತೆ, ಕಾಲಿಗೆ ಎಣ್ಣೆ ಹಚ್ತೀನಿ, ಬನ್ನಿ" ಅನ್ನತೊಡಗಿದರು. ಹೆಗಲಿಗೆ ಟವೆಲ್ ಹೊದಿಸಿ, ಚೊಂಬನ್ನು ಅಜ್ಜಿಗೇ ಕೊಟ್ಟು, ಅವರ ಕೈ ಮೇಲೆ ಕೈಯಿಟ್ಟು ಮೊದಲ ನೀರನ್ನು ಪಾದಕ್ಕೆ ಹಾಕಿಸಿದೆ. ಎರಡನೇ ಚೊಂಬು ಅವರೇ ಹುಯ್ದುಕೊಂಡರು. ವರ್ಷಗಟ್ಟಲೆ ಮಾಡಿದ ಕೆಲಸವನ್ನು ಕೈ ಬೇಗ ಮರೆಯುವುದಿಲ್ಲ.

ಮೂರನೇ ವಾರ ಮತ್ತೆ ಹೊಡೆದಾಟ. ಎರಡೇ ದಿನದಲ್ಲಿ ಹೀಗೆ ಬದಲಾಗಿದ್ದರಿಂದ ಡಾಕ್ಟರಿಗೆ ತೋರಿಸಲು ಹೇಳಿದೆ. ಮೂತ್ರದ ಸೋಂಕಿತ್ತು. ದಯವಿಟ್ಟು ಇದನ್ನು ನೆನಪಿಡಿ, ದಿಢೀರ್ ಬದಲಾವಣೆಯನ್ನೆಲ್ಲ ಮರೆವಿನ ಲೆಕ್ಕಕ್ಕೆ ಹಾಕಬೇಡಿ.

ಸಂಜೆ ಇನ್ನೊಂದು ಪಾಡು. 5 ಗಂಟೆಯಾದರೆ "ನಮ್ಮೂರಿಗೆ ಹೋಗ್ಬೇಕು" ಅಂತ ಬಾಗಿಲ ಚಿಲಕ ತೆಗೆಯುತ್ತಿದ್ದರು. ಇದೇ ನಿಮ್ಮ ಮನೆ ಅಂತ ವಾದ ಮಾಡಿದಷ್ಟೂ ಜಾಸ್ತಿಯಾಗುತ್ತಿತ್ತು. ನಾಲ್ಕೂವರೆಗೇ ದೀಪ ಹಾಕಿ, ಮೊರದಲ್ಲಿ ಅವರೆಕಾಯಿ ಕೊಟ್ಟು ಕೂರಿಸಿದೆವು. ಕಾಳು ಸಿಪ್ಪೆಗೆ ಬೀಳಲಿ, ಸಿಪ್ಪೆ ಕಾಳಿಗೆ ಬೀಳಲಿ, ಯಾರೂ ತಿದ್ದುವ ಹಾಗಿಲ್ಲ. ಬಿಡಿಸುತ್ತಾ ಊರಿನ ಹೊಲದ ಮಾತು ಬರುತ್ತಿತ್ತು. ಎಲ್ಲ ದಿನವೂ ನಡೆಯಲಿಲ್ಲ, ಆದರೆ ಚಿಲಕದ ಸದ್ದು ಕಡಿಮೆಯಾಯಿತು.

ನೆದರ್ಲೆಂಡ್ಸ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 5 ವಾರದಲ್ಲಿ 10 ಸಲ ಥೆರಪಿಸ್ಟ್ ಮನೆಗೆ ಹೋಗಿ, ರೋಗಿಯ ಜೊತೆಗೆ ನೋಡಿಕೊಳ್ಳುವವರಿಗೂ ಕಲಿಸಿದ್ದರು. ಇಬ್ಬರಿಗೂ ಅನುಕೂಲವಾಗಿತ್ತು. ನಾನೂ ಸೊಸೆಗೆ ಅಂತಲೇ ಬೇರೆ ಸಮಯ ಇಡುತ್ತಿದ್ದೆ. ಅವರು ಅತ್ತದ್ದೂ ಆಗಲೇ. ಅಜ್ಜಿಯ ಮಗನನ್ನು ಕೂರಿಸಿಕೊಂಡು, ಭಾನುವಾರ ಅಮ್ಮನ ಸ್ನಾನ, ಊಟ ನಿಮ್ಮದು ಅಂತ ನೇರವಾಗಿ ಹೇಳಿದೆ. ಒಪ್ಪಿದರು, ಎರಡು ಸಲ ಮಾಡಿಯೂ ತೋರಿಸಿದರು.

ಕೊನೆಯ ಸಲ ಹೋದಾಗ, ಭಾನುವಾರ ಬೆಳಿಗ್ಗೆ ಏನು ಮಾಡ್ತೀರಿ ಅಂತ ಸೊಸೆಯನ್ನು ಕೇಳಿದೆ.

"ನಿದ್ದೆ ಮಾಡ್ತೀನಿ ಮೇಡಂ" ಅಂದರು.