ಆಕ್ಸೆಸ್ ಫೈಲಿಗೆ ಬೀಗ ಹಾಕುವುದು ಹೇಗೆ?

ಗಂಗಾವತಿಯ ಒಂದು ರೈಸ್ ಮಿಲ್ಲಿನ ಮುಂದೆ ಭತ್ತದ ಲಾರಿಗಳು ಸಾಲಾಗಿ ನಿಂತಿದ್ದವು. ಒಳಗೆ ಪ್ರಿಂಟ್ ಆಗುತ್ತಿದ್ದ ಚೀಟಿಯಲ್ಲಿ ಲಾರಿ ನಂಬರ್ ಇತ್ತು, ರೈತರ ಹೆಸರಿತ್ತು, ತೂಕ ಮಾತ್ರ ಖಾಲಿ. ಈ ಚೀಟಿ ಬರುವುದು ಮೈಕ್ರೋಸಾಫ್ಟ್‌ನ ಡೇಟಾಬೇಸ್ ಪ್ರೋಗ್ರಾಂ ಆಕ್ಸೆಸ್‌ನಲ್ಲಿ ಮಾಡಿದ ಫೈಲಿನಿಂದ. ಗುಮಾಸ್ತರು ಅದರ ಫಾರ್ಮಿನ ಮೇಲೆ ರೈಟ್ ಕ್ಲಿಕ್ ಮಾಡಿದಾಗ ಅದು ಡಿಸೈನ್ ವ್ಯೂಗೆ, ಅಂದರೆ ಫಾರ್ಮನ್ನೇ ತಿದ್ದುವ ಸ್ಥಿತಿಗೆ ಹೋಗಿದೆ. ತೂಕ ತುಂಬುವ ಬಾಕ್ಸೇ ಅಳಿಸಿಹೋಗಿ ಸೇವ್ ಕೂಡ ಆಗಿದೆ. ಅವರನ್ನು ಬೈದು ಏನು ಪ್ರಯೋಜನ? ಬೀಗ ಹಾಕದೆ ಫೈಲ್ ಕೊಟ್ಟಿದ್ದೇ ತಪ್ಪು.

ಮೊದಲು ಫೈಲನ್ನು ಎರಡು ಮಾಡಿ. 'ಡೇಟಾಬೇಸ್ ಟೂಲ್ಸ್'ನಲ್ಲಿ ಇದಕ್ಕೆ ಬಟನ್ ಇದೆ. ಟೇಬಲ್‌ಗಳು ಒಂದು ಕಡೆ, ಫಾರ್ಮ್ ಮತ್ತು ರಿಪೋರ್ಟ್‌ಗಳು ಇನ್ನೊಂದು ಕಡೆ. ಡೇಟಾ ಫೈಲಿಗೆ ಪಾಸ್‌ವರ್ಡ್ ಇಟ್ಟು ಟೇಬಲ್‌ಗಳನ್ನು ಮತ್ತೆ ಲಿಂಕ್ ಮಾಡಿ. ಮಿಲ್ಲಿನ ವೈ-ಫೈ ಮೇಲೆ ಇದನ್ನು ಓಡಿಸಬೇಡಿ. ಕೇಬಲ್ ಎಳೆಸಿ.

ನಂತರ ಫಾರ್ಮ್ ಫೈಲಿನ 'ಆಪ್ಷನ್ಸ್', ಅಲ್ಲಿ 'ಕರೆಂಟ್ ಡೇಟಾಬೇಸ್'. ತೆರೆದ ಕೂಡಲೇ ಬರಬೇಕಾದ ಫಾರ್ಮನ್ನು ಆರಿಸಿ. ನ್ಯಾವಿಗೇಷನ್ ಪೇನ್ (ಎಡಬದಿಯ ಪಟ್ಟಿ), ಫುಲ್ ಮೆನು, ಶಾರ್ಟ್‌ಕಟ್ ಮೆನು (ರೈಟ್ ಕ್ಲಿಕ್‌ನಲ್ಲಿ ಬರುವುದು), ಸ್ಪೆಷಲ್ ಕೀ (ಎಫ್11ನಂಥವು), ಈ ನಾಲ್ಕರ ಟಿಕ್ಕನ್ನೂ ತೆಗೆಯಿರಿ. ಬಹಳ ಜನ ಪೇನ್ ಒಂದನ್ನೇ ಮುಚ್ಚಿ ಸುಮ್ನಾಗುತ್ತಾರೆ. ಎಫ್11 ಒತ್ತಿದರೆ ಅದು ಮತ್ತೆ ಬಂದು ಕೂರುತ್ತದೆ.

ಈಗ ಫಾರ್ಮ್ ಫೈಲನ್ನು ಎಸಿಸಿಡಿಇ (.accde) ಎಂಬ ಬಗೆಯ ಫೈಲಾಗಿ ಸೇವ್ ಮಾಡಿ. ಇದರಲ್ಲಿ ಫಾರ್ಮ್, ರಿಪೋರ್ಟ್, ಕೋಡ್ ಯಾವುದನ್ನೂ ತಿದ್ದಲು ಬರುವುದಿಲ್ಲ. ನಿಮಗೂ ಬರುವುದಿಲ್ಲ! ಹಾಗಾಗಿ ತಿದ್ದಲು ಬರುವ ಮೂಲ ಎಸಿಸಿಡಿಬಿ (.accdb) ಫೈಲನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. 64 ಬಿಟ್ ಮೈಕ್ರೋಸಾಫ್ಟ್ ಆಫೀಸಿನಲ್ಲಿ ಮಾಡಿದ ಎಸಿಸಿಡಿಇ 32 ಬಿಟ್‌ನಲ್ಲಿ ತೆರೆಯುವುದಿಲ್ಲ. ಮಿಲ್ಲಿನ ಕಂಪ್ಯೂಟರಿನಲ್ಲಿರುವ ಮೈಕ್ರೋಸಾಫ್ಟ್ ಆಫೀಸ್ ಯಾವುದು ಎಂದು ಮೊದಲೇ ನೋಡಿಕೊಳ್ಳಿ. ಫೈಲಿನ ಹೆಸರಿನ ಕೊನೆಯನ್ನು ಎಸಿಸಿಡಿಆರ್ (ತಿದ್ದುವ ಮೆನುಗಳಿಲ್ಲದೆ ತೆರೆಯುವ ಬಗೆ) ಎಂದು ಬದಲಿಸಿದರೆ ಸಾಕು ಅನ್ನುವವರಿದ್ದಾರೆ. ಹೆಸರು ಹಿಂದಕ್ಕೆ ಬದಲಿಸಲು ಎಷ್ಟು ಹೊತ್ತು ಬೇಕು? ನಾನಂತೂ ಅದನ್ನು ಬೀಗ ಅನ್ನುವುದಿಲ್ಲ.

ಹೆಚ್ಚಿನವರು ಎಡವುವುದು ಶಿಫ್ಟ್ ಕೀಲಿಯಲ್ಲಿ. ಶಿಫ್ಟ್ ಒತ್ತಿ ಹಿಡಿದು ಫೈಲ್ ತೆರೆದರೆ, ನೀವು ತೆಗೆದ ಟಿಕ್‌ಗಳು ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ತಡೆಯುವುದು 'ಅಲೋ ಬೈಪಾಸ್ ಕೀ' (AllowBypassKey) ಎಂಬ ಪ್ರಾಪರ್ಟಿ, ಅಂದರೆ ಫೈಲಿನ ಒಂದು ಸೆಟ್ಟಿಂಗ್. ಆಪ್ಷನ್ಸ್‌ನಲ್ಲಿ ಹುಡುಕಿದರೆ ಸಿಗದು, ಆಕ್ಸೆಸ್‌ನ ವಿಬಿಎ ಭಾಷೆಯ ಕೋಡಿನಿಂದಲೇ ಹುಟ್ಟಿಸಬೇಕು. ಇರದ ಪ್ರಾಪರ್ಟಿಗೆ ನೇರವಾಗಿ ಬೆಲೆ ಕೊಟ್ಟರೆ 3270 ಎರರ್ ಬರುತ್ತದೆ. ಅದು ಬಂದಾಗ 'ಕ್ರಿಯೇಟ್ ಪ್ರಾಪರ್ಟಿ'ಯಿಂದ ಬೂಲಿಯನ್ (ಹೌದು-ಇಲ್ಲ ಬಗೆ) ಆಗಿ ಹುಟ್ಟಿಸಿ 'ಫಾಲ್ಸ್' ಇಟ್ಟು, 'ಅಪೆಂಡ್' ಮಾಡಿ, ಅಂದರೆ ಫೈಲಿನ ಪ್ರಾಪರ್ಟಿಗಳ ಪಟ್ಟಿಗೆ ಸೇರಿಸಿ. ಅಪೆಂಡ್ ಮರೆತರೆ ಏನೂ ಉಳಿಯುವುದಿಲ್ಲ.

ಈ ಕೋಡನ್ನು ಅದೇ ಫೈಲಿನೊಳಗೆ ಇಡಬೇಡಿ. ಬೇರೆ ಆಕ್ಸೆಸ್ ಫೈಲ್ ಮಾಡಿ, ಎರಡು ಬಟನ್ ಇಡಿ. ಒಂದು ಬೀಗ ಹಾಕಲು, ಇನ್ನೊಂದು ತೆಗೆಯಲು. ಎರಡೂ 'ಓಪನ್ ಡೇಟಾಬೇಸ್' ಮೂಲಕ ಮಿಲ್ಲಿನ ಫೈಲನ್ನು ತೆರೆದು ಪ್ರಾಪರ್ಟಿ ಬದಲಿಸಲಿ. ಆಗ ನೀವೇ ಹೊರಗುಳಿಯುವ ಪಾಡು ಬರುವುದಿಲ್ಲ. ಈ ಫೈಲ್ ನಿಮ್ಮ ಹತ್ತಿರವೇ ಇರಲಿ, ಮಾಲೀಕರು ಕೇಳಿದರೂ ಆಫೀಸಿನ ಕಂಪ್ಯೂಟರಿಗೆ ಹಾಕಬೇಡಿ.

ಬದಲಾವಣೆ ಗೊತ್ತಾಗುವುದು ಫೈಲ್ ಮುಚ್ಚಿ ಮತ್ತೆ ತೆರೆದಾಗ. ಹೊರಡುವ ಮುಂಚೆ ಗುಮಾಸ್ತರನ್ನೇ ಕೂರಿಸಿ, ಶಿಫ್ಟ್ ಹಿಡಿದು ತೆರೆಯಲು ಹೇಳಿ. ಎಫ್11 ಒತ್ತಿಸಿ, ರೈಟ್ ಕ್ಲಿಕ್ ಮಾಡಿಸಿ. ಆಮೇಲೆ ಒಂದು ಲಾರಿಯ ಚೀಟಿ ತೆಗೆಸಿ, ತೂಕ ಬಂದಿದೆಯಾ ನೋಡಿ.