ಆಸ್ಟ್ರೇಲಿಯಾದಲ್ಲಿ ಷೇರು ಕೊಳ್ಳುವ ಮುನ್ನ: ಹೆಸರು, ನಂಬರು, ತಾರೀಖು

ಆಸ್ಟ್ರೇಲಿಯಾಕ್ಕೆ ಬಂದು ನಾಲ್ಕು ಕಾಸು ಉಳಿಯಲು ಶುರುವಾದ ಕೂಡಲೇ ನಮ್ಮವರು ಕೇಳುವುದು "ಯಾವ ಷೇರು ತಗೋಬೇಕು?" ಅಂತ. ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಬೇರೆಯೇ ಇದೆ: ಯಾರ ಹೆಸರಿನಲ್ಲಿ, ಯಾವ ನಂಬರಿನಡಿ, ಯಾವ ವೀಸಾದಲ್ಲಿದ್ದಾಗ ಕೊಳ್ಳುತ್ತಿದ್ದೀರಿ? ಷೇರಿನ ಆಯ್ಕೆ ತಪ್ಪಿದರೆ ಮಾರಿ ಹೊರಬರಬಹುದು. ಈ ಮೂರರಲ್ಲಿ ಎಡವಿದರೆ ಮಾರಿದ ಮೇಲೂ ತಲೆನೋವು ಬಿಡುವುದಿಲ್ಲ.

ಇಲ್ಲಿ ಭಾರತದಂತೆ ಷೇರುಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಇಲ್ಲ. ಒಡೆತನದ ದಾಖಲೆ ಇಡುವುದು ಇಲ್ಲಿನ ಷೇರುಪೇಟೆ ಎಎಸ್‌ಎಕ್ಸ್‌ನ ಚೆಸ್ ಎಂಬ ವ್ಯವಸ್ಥೆ. ಚೆಸ್ ಸೌಲಭ್ಯವಿರುವ ಬ್ರೋಕರ್ ಬಳಿ ಖಾತೆ ತೆರೆದರೆ ಎಕ್ಸ್ ಅಕ್ಷರದಿಂದ ಶುರುವಾಗುವ, ಮುಂದೆ ಹತ್ತು ಅಂಕಿಗಳಿರುವ ಎಚ್‌ಐಎನ್ ಎಂಬ ಹೂಡಿಕೆದಾರರ ನಂಬರ್ ಸಿಗುತ್ತದೆ. ಆ ಬ್ರೋಕರ್ ಮೂಲಕ ಕೊಂಡ ಷೇರುಗಳೆಲ್ಲ ಅದರಡಿ ನಿಮ್ಮ ಹೆಸರಿನಲ್ಲೇ ಇರುತ್ತವೆ. ಕೆಲಸದ ಕಂಪನಿ ಕೊಟ್ಟ ಷೇರುಗಳಿಗೆ ಅನೇಕ ವೇಳೆ ಎಚ್‌ಐಎನ್ ಬದಲು ಎಸ್‌ಆರ್‌ಎನ್ ಎಂಬ ಬೇರೆ ನಂಬರ್ ಬರುತ್ತದೆ. ಅದು ಒಂದೊಂದು ಕಂಪನಿಗೆ ಒಂದೊಂದು. ಕೆಲವು ಅಗ್ಗದ ಆ್ಯಪ್‌ಗಳಲ್ಲಿ ಎರಡೂ ಇಲ್ಲ, ಷೇರು ನಿಮ್ಮ ಪರವಾಗಿ ಅದನ್ನು ಇಟ್ಟುಕೊಳ್ಳುವ ಕಸ್ಟೋಡಿಯನ್ ಕಂಪನಿಯ ಹೆಸರಿನಲ್ಲಿರುತ್ತದೆ. ಅದು ಕಾನೂನುಬದ್ಧವೇ. ಆದರೆ ಬ್ರೋಕರ್ ಬದಲಿಸಬೇಕೆಂದಾಗ ಎಚ್‌ಐಎನ್ ಇದ್ದವರಿಗೆ ಒಂದು ಫಾರ್ಮ್ ಸಾಕು. ಕಸ್ಟೋಡಿಯನ್ ಖಾತೆಯವರು ಶುಲ್ಕ ಕಟ್ಟಬೇಕಾಗಬಹುದು, ಇಲ್ಲವೇ ಮಾರಿ ತೆರಿಗೆಯನ್ನೂ ಕಟ್ಟಬೇಕಾಗಬಹುದು. ಹತ್ತು ವರ್ಷ ಇಟ್ಟುಕೊಳ್ಳುವ ಲೆಕ್ಕದವರು ಕಮಿಷನ್‌ನಲ್ಲಿ ಉಳಿಯುವ ಕೆಲವು ಡಾಲರ್‌ಗೆ ಆಸೆಪಡದೆ ಎಚ್‌ಐಎನ್ ಇರುವ ಕಡೆಗೇ ಹೋಗಬೇಕು.

ಹೆಸರಿನ ವಿಷಯದಲ್ಲಿ ಕನ್ನಡಿಗರು ಇನ್ನೂ ಹುಷಾರಾಗಿರಬೇಕು. ನಮ್ಮಲ್ಲಿ ಎಷ್ಟೋ ಜನರಿಗೆ ಸರ್‌ನೇಮ್ ಇಲ್ಲ; ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಅಷ್ಟೆ. ಬ್ಯಾಂಕಿನಲ್ಲಿ "ಕೆ ಎಸ್ ಮಂಜುನಾಥ", ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು, ಬ್ರೋಕರ್ ಬಳಿ ಮೊದಲ ಹೆಸರು ಕೊನೆಯ ಹೆಸರು ಅದಲುಬದಲು. ಕೊಳ್ಳುವಾಗ ಯಾರೂ ತಕರಾರು ಮಾಡುವುದಿಲ್ಲ. ಎಸ್‌ಆರ್‌ಎನ್ ಷೇರುಗಳನ್ನು ಎಚ್‌ಐಎನ್‌ಗೆ ಸೇರಿಸಲು ಹೊರಟಾಗ ಎರಡೂ ಕಡೆ ಹೆಸರು, ವಿಳಾಸ ಅಕ್ಷರಶಃ ಹೊಂದಬೇಕು. "ಸ್ಟ್ರೀಟ್" ಇರುವಲ್ಲಿ "ಎಸ್‌ಟಿ" ಎಂದಿದ್ದರೂ ಅರ್ಜಿ ವಾಪಸ್ ಬರುವುದುಂಟು. ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೆ ಎಲ್ಲ ಕಡೆ ಬರೆಸಿ. ಮನೆ ಬದಲಿಸಿದಾಗ ಬ್ರೋಕರ್ ಬಳಿ ವಿಳಾಸ ತಿದ್ದಿಸಿದರೆ ಎಚ್‌ಐಎನ್ ಷೇರುಗಳಿಗೆಲ್ಲ ತಲುಪುತ್ತದೆ, ಎಸ್‌ಆರ್‌ಎನ್ ಷೇರುಗಳಿಗೆ ಮಾತ್ರ ಆಯಾ ಕಂಪನಿಯ ಷೇರುದಾರರ ಪಟ್ಟಿ ಇಡುವ ರಿಜಿಸ್ಟ್ರಿಯಲ್ಲೇ ತಿದ್ದಿಸಬೇಕು.

ಷೇರು ಕೊಂಡ ಒಂದೆರಡು ವಾರದಲ್ಲಿ ಕಂಪ್ಯೂಟರ್‌ಶೇರ್‌ನಂಥ ರಿಜಿಸ್ಟ್ರಿಯಿಂದ ಕಾಗದವೋ ಇಮೇಲೋ ಬರುತ್ತದೆ. ಅದನ್ನು ಪಕ್ಕಕ್ಕಿಡಬೇಡಿ. ಅಲ್ಲಿ ಲಾಗಿನ್ ಆಗಿ ಟಿಎಫ್‌ಎನ್ (ತೆರಿಗೆ ನಂಬರ್) ಮತ್ತು ಬ್ಯಾಂಕ್ ಖಾತೆ ದಾಖಲಾಗಿದೆಯೇ ನೋಡಿ. ಟಿಎಫ್‌ಎನ್ ಇಲ್ಲದಿದ್ದರೆ ಡಿವಿಡೆಂಡ್‌ನ ಅನ್‌ಫ್ರ್ಯಾಂಕ್ಡ್ ಭಾಗದಲ್ಲಿ, ಅಂದರೆ ಕಂಪನಿ ಆಗಲೇ ತೆರಿಗೆ ಕಟ್ಟಿರದ ಭಾಗದಲ್ಲಿ, 47% ಹಿಡಿದುಕೊಳ್ಳುತ್ತಾರೆ. ರಿಟರ್ನ್ ಹಾಕಿದಾಗ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅಲ್ಲಿಯವರೆಗೆ ದುಡ್ಡು ನಿಮ್ಮ ಕೈಲಿರುವುದಿಲ್ಲ.

ಕೊಳ್ಳುವ ಕ್ರಮ ಸರಳ. ಒಂದು ಕಂಪನಿಯ ಷೇರನ್ನು ಮೊದಲ ಸಲ ಕೊಳ್ಳುವಾಗ ಕನಿಷ್ಠ 500 ಡಾಲರ್‌ನಷ್ಟು ಕೊಳ್ಳಬೇಕು. ವಹಿವಾಟು ಸಿಡ್ನಿ ಸಮಯದ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ. ಶುರುವಿನ ಕೆಲವು ನಿಮಿಷ ಬೆಲೆ ಹೊಯ್ದಾಡುತ್ತದೆ, ಕಾಲು ಗಂಟೆ ಬಿಟ್ಟು, ಬೆಲೆಯ ಮಿತಿ ನೀವೇ ಹೇಳುವ ಲಿಮಿಟ್ ಆರ್ಡರ್ ಹಾಕಿ. ದುಡ್ಡು, ಷೇರು ಕೈ ಬದಲಾಗಿ ವ್ಯವಹಾರ ಇತ್ಯರ್ಥವಾಗಲು ಎರಡು ಕೆಲಸದ ದಿನ, ಭಾರತದ ಹಾಗೆ ಒಂದಲ್ಲ. ಮೆಲ್ಬರ್ನ್‌ನವರು ಗಮನಿಸಬೇಕಾದದ್ದು: ಎಎಫ್‌ಎಲ್ ಫುಟ್‌ಬಾಲ್ ಗ್ರ್ಯಾಂಡ್ ಫೈನಲ್‌ನ ಹಿಂದಿನ ಶುಕ್ರವಾರ ವಿಕ್ಟೋರಿಯಾಕ್ಕೆ ರಜೆ, ಮೆಲ್ಬರ್ನ್ ಕಪ್ ಕುದುರೆ ರೇಸಿನ ದಿನವೂ ರಜೆ, ಆದರೆ ಮಾರುಕಟ್ಟೆ ಎರಡೂ ದಿನ ನಡೆಯುತ್ತದೆ. ಊರೆಲ್ಲ ಪೆರೇಡ್ ನೋಡುತ್ತಿರುವಾಗ ನಿಮ್ಮ ಹಳೆಯ ಆರ್ಡರ್ ಗಿಟ್ಟಿಬಿಡಬಹುದು.

ಫ್ರ್ಯಾಂಕಿಂಗ್ ಈ ದೇಶದ ವ್ಯವಸ್ಥೆಯಲ್ಲೇ ಅತ್ಯಂತ ನ್ಯಾಯವಾದ ಭಾಗ, ಅರ್ಥ ಮಾಡಿಕೊಳ್ಳಲೇಬೇಕು. ಕಂಪನಿ 100 ಡಾಲರ್ ಲಾಭಕ್ಕೆ 30 ಡಾಲರ್ ತೆರಿಗೆ ಕಟ್ಟಿ ಉಳಿದ 70 ನಿಮಗೆ ಕೊಟ್ಟಿತು ಎನ್ನಿ. ರಿಟರ್ನ್‌ನಲ್ಲಿ ನೀವು ತೋರಿಸುವ ಆದಾಯ 70 ಅಲ್ಲ, 100; ಕಂಪನಿ ಕಟ್ಟಿದ 30 ನೀವೇ ಕಟ್ಟಿದಂತೆ ಲೆಕ್ಕ. ಇದೇ ಫ್ರ್ಯಾಂಕಿಂಗ್ ಕ್ರೆಡಿಟ್. ಮೆಡಿಕೇರ್ ಲೆವಿ (ಆರೋಗ್ಯ ಸೇವೆಯ ತೆರಿಗೆ) ಬಿಟ್ಟರೆ, 30% ದರದವರು ಮತ್ತೇನೂ ಕೊಡಬೇಕಿಲ್ಲ, 37%ನವರು ಇನ್ನು 7 ಡಾಲರ್ ಕೊಡಬೇಕು. ಮನೆಯಲ್ಲಿರುವ ಹೆಂಡತಿಗೋ ಗಂಡನಿಗೋ ಬೇರೆ ಆದಾಯವೇ ಇಲ್ಲದಿದ್ದರೆ ಆ 30 ಪೂರ್ತಿ ವಾಪಸ್ ಬರುತ್ತದೆ. ಯಾರ ಹೆಸರಿನಲ್ಲಿ ಎಂಬ ಪ್ರಶ್ನೆಯ ತೂಕ ಇಲ್ಲಿ ಗೊತ್ತಾಗುತ್ತದೆ. ವರ್ಷದ ಕ್ರೆಡಿಟ್ 5,000 ಡಾಲರ್ ದಾಟುವವರು ಅದನ್ನು ಪಡೆಯಲು ಕೊಂಡ ದಿನ, ಮಾರಿದ ದಿನ ಬಿಟ್ಟು 45 ದಿನ ಷೇರು ಇಟ್ಟುಕೊಂಡಿರಬೇಕು.

ಡಿವಿಡೆಂಡ್ ಬದಲು ಹೊಸ ಷೇರು ಕೊಡುವ ಡಿಆರ್‌ಪಿಗೆ ಸೇರಿದರೆ ದುಡ್ಡು ಕೈಗೆ ಬರದಿದ್ದರೂ ತೆರಿಗೆ ಇದೆ. ಮೇಲಾಗಿ ಪ್ರತಿ ಸಲ ಬಂದ ಷೇರಿಗೂ ಬೇರೆ ಬೆಲೆ, ಬೇರೆ ತಾರೀಖು. ಷೇರು ಮಾರಿದ ಲಾಭದ ಅರ್ಧಕ್ಕೆ ಮಾತ್ರ ತೆರಿಗೆ ಹಾಕುವ, 1999ರಲ್ಲಿ ಬಂದ 50% ರಿಯಾಯಿತಿಗೆ ಬೇಕಾದ 12 ತಿಂಗಳೂ ಒಂದೊಂದಕ್ಕೆ ಬೇರೆಬೇರೆಯಾಗಿ ಎಣಿಕೆಯಾಗುತ್ತದೆ. ಹತ್ತು ವರ್ಷಕ್ಕೆ ಇಪ್ಪತ್ತು ಸಾಲು. ಬರೆದಿಡುವ ಶಿಸ್ತು ಇಲ್ಲದವರು ನಗದು ತೆಗೆದುಕೊಳ್ಳುವುದೇ ಮೇಲು.

ಇನ್ನು ವೀಸಾ. 482, 485ರಂಥ ತಾತ್ಕಾಲಿಕ ವೀಸಾದಲ್ಲಿರುವವರಿಗೆ, ಬಾಳಸಂಗಾತಿ ಪಿಆರ್ (ಕಾಯಂ ವಾಸದ ವೀಸಾ) ಇರುವವರು ಅಥವಾ ಇಲ್ಲಿನ ಪ್ರಜೆ ಅಲ್ಲದಿದ್ದರೆ, ಊರಿನ ಎಫ್‌ಡಿ ಬಡ್ಡಿ, ಮನೆ ಬಾಡಿಗೆ, ಭಾರತದ ಷೇರಿನ ಲಾಭದ ಮೇಲೆ ಇಲ್ಲಿ ತೆರಿಗೆ ಇಲ್ಲ. ಎಎಸ್‌ಎಕ್ಸ್ ಷೇರು ಮಾರಿದ ಲಾಭಕ್ಕೂ ಸಾಮಾನ್ಯವಾಗಿ ಇಲ್ಲ, ಡಿವಿಡೆಂಡ್‌ಗೆ ಇದೆ. ಪಿಆರ್ ಬಂದ ದಿನ ಇದೆಲ್ಲ ಬದಲಾಗುತ್ತದೆ. ಅಂದಿನ ಮಾರುಕಟ್ಟೆ ಬೆಲೆಯೇ ನಿಮ್ಮ ಹೊಸ ಕೊಂಡ ಬೆಲೆ, 12 ತಿಂಗಳ ಎಣಿಕೆಯೂ ಅಂದಿನಿಂದ. 400 ರೂಪಾಯಿಗೆ ಕೊಂಡ ಷೇರು ಪಿಆರ್ ದಿನ 1,500 ಇದ್ದು, ಮುಂದೆ 1,600ಕ್ಕೆ ಮಾರಿದರೆ ಇಲ್ಲಿನ ಲೆಕ್ಕ ಶುರುವಾಗುವುದು 1,500ರಿಂದ, ಅದೂ ಎರಡೂ ದಿನಗಳ ವಿನಿಮಯ ದರದಲ್ಲಿ ಡಾಲರ್‌ಗೆ ತಿರುಗಿಸಿ. ಭಾರತ ಮಾತ್ರ 400ರಿಂದಲೇ ಲೆಕ್ಕ ಹಾಕುತ್ತದೆ. ಹಾಗಾಗಿ ಅಲ್ಲಿ ಕಟ್ಟಿದ ತೆರಿಗೆಯೆಲ್ಲ ಇಲ್ಲಿ ಮುರಿದುಕೊಳ್ಳಲು ಸಿಗುತ್ತದೆ ಎಂದುಕೊಳ್ಳಬೇಡಿ. ಪಿಆರ್ ಸಿಕ್ಕಿದೆ ಎಂಬ ಗ್ರ್ಯಾಂಟ್ ಇಮೇಲ್ ಬಂದ ದಿನವೇ ಡಿಮ್ಯಾಟ್ ಹೋಲ್ಡಿಂಗ್ ಸ್ಟೇಟ್‌ಮೆಂಟ್, ಅಂದಿನ ಮುಕ್ತಾಯದ ಬೆಲೆಗಳು, ರೂಪಾಯಿ-ಡಾಲರ್ ದರ ಮೂರನ್ನೂ ಪಿಡಿಎಫ್ ಮಾಡಿಟ್ಟುಕೊಳ್ಳಿ. ಐದು ವರ್ಷ ಕಳೆದ ಮೇಲೆ ಇವನ್ನು ಹುಡುಕುವುದು ದೊಡ್ಡ ಫಜೀತಿ. ಭಾರತದ ವರ್ಷ ಏಪ್ರಿಲ್‌ನಿಂದ, ಇಲ್ಲಿನದು ಜುಲೈಯಿಂದ. ಅಲ್ಲಿನ ವರ್ಷದ ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಲೆಕ್ಕದ ಮೊತ್ತವನ್ನು ಹಾಗೇ ಇಲ್ಲಿ ತುಂಬಿದರೆ ತಪ್ಪಾಗುತ್ತದೆ. ತಿಂಗಳುವಾರು ಬಿಡಿಸಿಕೊಳ್ಳಬೇಕು.

ಭಾರತದ ಡಿಮ್ಯಾಟ್‌ನಲ್ಲಿರುವ ನಾಮಿನಿ ಕಾಲಂ ಇಲ್ಲಿನ ಷೇರುಗಳಿಗೆ ಇಲ್ಲ. ಜಂಟಿ ಹೆಸರಿನಲ್ಲಿದ್ದರೆ ಒಬ್ಬರು ತೀರಿಕೊಂಡಾಗ ಬದುಕಿರುವವರಿಗೆ ಹೋಗುತ್ತದೆ. ಒಬ್ಬರ ಹೆಸರಿನಲ್ಲಿದ್ದರೆ ವಿಲ್ ಪ್ರಕಾರ, ಮೊತ್ತ ದೊಡ್ಡದಾದರೆ ಪ್ರೊಬೇಟ್ (ಕೋರ್ಟ್ ವಿಲ್ ಒಪ್ಪುವುದು) ಆದ ಮೇಲೆ. ಆಸ್ಟ್ರೇಲಿಯಾದ ಆಸ್ತಿಗೆ ಇಲ್ಲಿಯೇ ಒಂದು ವಿಲ್ ಬರೆಸಿ, ಎಚ್‌ಐಎನ್ ಮತ್ತು ಬ್ರೋಕರ್ ಹೆಸರು ಬರೆದ ಹಾಳೆಯನ್ನು ಅದರ ಜೊತೆಗಿಡಿ.